ಬಾಯಮ್ಮ ಟ್ರಸ್ಟಿಯಾದ ಕಥೆ

ನಮ್ಮ ಕಡೆ ಟ್ರಸ್ಟಿ ಅಂದರೆ ಮೊದಲು ನೆನಪಿಗೆ ಬರುವುದು ದೇವಸ್ಥಾನದ ಮೊಕ್ತೇಸರರು. ಜಾತ್ರೆಯ ಆಮಂತ್ರಣ ಪತ್ರಿಕೆಯ ಕೊನೆಯಲ್ಲಿ ಅವರ ಹೆಸರಿರುತ್ತದೆ, ಹೆಗಲ ಮೇಲೆ ಶಾಲು ಇರುತ್ತದೆ, ಧ್ವಜಸ್ತಂಭದ ಹತ್ತಿರ ನಿಲ್ಲಲು ಒಂದು ಜಾಗ ಇರುತ್ತದೆ. ಅವರನ್ನು ಯಾರು ಆರಿಸಿದರು ಎಂದು ಯಾರೂ ಕೇಳುವುದಿಲ್ಲ. ಕೆಲವು ಕಡೆ ಮನೆತನದಿಂದ ಬಂದ ಪಟ್ಟ, ಕೆಲವು ಕಡೆ ಸರ್ಕಾರದ ನೇಮಕ. ಹಾಗಾಗಿ ಪಿಎಚ್‌ಡಿ ಮಾಡಲೆಂದು ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೆ ಬಂದ ನನಗೆ ಇಲ್ಲಿನ ಶಾಲೆಗಳಿಗೂ ಟ್ರಸ್ಟಿಗಳಿದ್ದಾರೆ, ಮೇಯರನ್ನು ಆರಿಸುವ ದಿನವೇ ಜನ ಅವರಿಗೂ ಮತ ಹಾಕುತ್ತಾರೆ, ಕ್ಯಾಥೊಲಿಕ್ ಶಾಲೆಗಳ ಟ್ರಸ್ಟಿಗಳಿಗೆ ಕ್ಯಾಥೊಲಿಕರು ಮಾತ್ರ ಮತ ಹಾಕುತ್ತಾರೆ ಎಂಬುದು ತಿಳಿದಾಗ, ಸಂಶೋಧನೆಗೆ ವಿಷಯ ಸಿಕ್ಕಿತು ಎಂದು ಖುಷಿಯಾಗಿತ್ತು. ಅಲ್ಪಸಂಖ್ಯಾತರ ಶಾಲೆಗಳನ್ನು ಯಾರು ನಡೆಸುತ್ತಾರೆ, ಯಾರಿಗೆ ಉತ್ತರ ಹೇಳುತ್ತಾರೆ ಎಂಬುದನ್ನು ಕರ್ನಾಟಕ ಮತ್ತು ಒಂಟಾರಿಯೊ ಎರಡನ್ನೂ ಇಟ್ಟುಕೊಂಡು ನೋಡಬೇಕೆಂಬುದು ನನ್ನ ಯೋಜನೆಯಾಗಿತ್ತು.

ಆದರೆ ಈ ವಿಷಯದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಗ್ರಂಥಾಲಯದಿಂದ ಬಂದದ್ದಲ್ಲ. ನಾನು ಬಾಡಿಗೆಗೆ ಇದ್ದ ಬೇಸ್‌ಮೆಂಟಿನ ಮೇಲಿನ ಅಡುಗೆಮನೆಯಿಂದ ಬಂದದ್ದು. ಮನೆಯೊಡತಿ ಬಂಟ್ವಾಳದ ಕಡೆಯ ಕ್ರೈಸ್ತ ಹೆಂಗಸು. ಟೊರಾಂಟೊ ಸುತ್ತಲಿನ ಊರೊಂದರಲ್ಲಿ ಇಪ್ಪತ್ತು ವರ್ಷದಿಂದ ನೆಲೆಸಿದವರು, ವೃದ್ಧಾಶ್ರಮದಲ್ಲಿ ನರ್ಸ್. ಮೊದಲ ದಿನ ನಾನು ಅವರನ್ನು 'ಆಂಟಿ' ಎಂದೆ. "ಊರಲ್ಲಿ ನಿಮ್ಮ ಮನೆಯವರು ನಮ್ಮಂಥವರನ್ನು ಏನಂತ ಕರೆಯುತ್ತಾರೆ?" ಎಂದು ಕೇಳಿದರು. ಬಾಯಮ್ಮ ಎಂದೆ. "ಹಾಗಾದರೆ ಅದನ್ನೇ ಕರಿ. ಈ ದೇಶದಲ್ಲಿ ನನ್ನನ್ನು ಹಾಗೆ ಕರೆಯುವವರು ಒಬ್ಬರಾದರೂ ಇರಲಿ" ಎಂದರು. ಅಂದಿನಿಂದ ಅವರು ನನಗೆ ಬಾಯಮ್ಮ, ನಾನು ಅವರಿಗೆ 'ಮಾರಾಯ್ತಿ'.

2022ರ ಮೇ ತಿಂಗಳ ಒಂದು ಸಂಜೆ ಬಾಯಮ್ಮ ತಾನು ಟ್ರಸ್ಟಿ ಚುನಾವಣೆಗೆ ನಿಲ್ಲುವುದಾಗಿ ಹೇಳಿದರು. ಯಾಕೆ ಎಂದು ಕೇಳಿದ್ದಕ್ಕೆ, "ನಮ್ಮ ವಾರ್ಡಿನಲ್ಲಿ ಕಳೆದ ಸಲ ಯಾರೂ ಎದುರು ನಿಂತಿರಲಿಲ್ಲ. ಅವಿರೋಧ ಆಯ್ಕೆ. ಮತ ಹಾಕಬೇಕು ಅಂತ ಹೋದವಳು ಆ ಜಾಗ ಖಾಲಿ ಇದ್ದದ್ದನ್ನು ನೋಡಿ ಬಂದೆ" ಎಂದರು.

*

ಓದುಗರಿಗೆ ಇಲ್ಲಿಯ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು. ಒಂಟಾರಿಯೊದಲ್ಲಿ ಸರ್ಕಾರದ ಹಣದಿಂದಲೇ ನಡೆಯುವ ಶಾಲಾ ವ್ಯವಸ್ಥೆ ಒಂದಲ್ಲ, ನಾಲ್ಕು. ಇಂಗ್ಲಿಷ್ ಸಾರ್ವಜನಿಕ, ಇಂಗ್ಲಿಷ್ ಕ್ಯಾಥೊಲಿಕ್, ಫ್ರೆಂಚ್ ಸಾರ್ವಜನಿಕ, ಫ್ರೆಂಚ್ ಕ್ಯಾಥೊಲಿಕ್. ಎಲ್ಲ ಸೇರಿ 72 ಜಿಲ್ಲಾ ಶಾಲಾ ಮಂಡಳಿಗಳು. ಅದರಲ್ಲಿ ಇಂಗ್ಲಿಷ್ ಕ್ಯಾಥೊಲಿಕ್ ಮಂಡಳಿಗಳು 29, ಫ್ರೆಂಚ್ ಕ್ಯಾಥೊಲಿಕ್ ಮಂಡಳಿಗಳು 8. ಇಂಗ್ಲಿಷ್ ಕ್ಯಾಥೊಲಿಕ್ ಶಾಲೆಗಳಲ್ಲೇ ಐದು ಲಕ್ಷಕ್ಕಿಂತ ಹೆಚ್ಚು ಮಕ್ಕಳು ಓದುತ್ತಾರೆ. ಶುಲ್ಕ ಇಲ್ಲ. ಗಣಿತ, ವಿಜ್ಞಾನ ಎಲ್ಲ ಪ್ರಾಂತ್ಯದ ಪಠ್ಯಕ್ರಮವೇ. ಅದರ ಜೊತೆ ಧರ್ಮಬೋಧೆ, ಪ್ರಾರ್ಥನೆ, ಆಗಾಗ ಪೂಜೆ.

ಇದರ ಬೇರು ಹತ್ತೊಂಬತ್ತನೆಯ ಶತಮಾನದಲ್ಲಿದೆ. ಆಗ ಈ ಪ್ರದೇಶದಲ್ಲಿ ಪ್ರೊಟೆಸ್ಟೆಂಟರು ಬಹುಸಂಖ್ಯಾತರು, ಕ್ಯಾಥೊಲಿಕರು ಅಲ್ಪಸಂಖ್ಯಾತರು. 1840ರ ದಶಕದ ಬರಗಾಲದಲ್ಲಿ ಐರ್ಲೆಂಡಿನಿಂದ ಹಸಿದು ಬಂದವರು ಅವರಲ್ಲಿ ಬಹಳ ಮಂದಿ. ಪಕ್ಕದ ಕ್ವಿಬೆಕ್‌ನಲ್ಲಿ ಲೆಕ್ಕ ತಿರುಗುಮುರುಗು, ಅಲ್ಲಿ ಪ್ರೊಟೆಸ್ಟೆಂಟರು ಕಡಿಮೆ. 1863ರಲ್ಲಿ ರಿಚರ್ಡ್ ವಿಲಿಯಂ ಸ್ಕಾಟ್ ಎಂಬ ಶಾಸಕ ತಂದ ಕಾನೂನು ಕ್ಯಾಥೊಲಿಕರ ಪ್ರತ್ಯೇಕ ಶಾಲೆಗಳಿಗೆ, ಅವುಗಳ ಚುನಾಯಿತ ಟ್ರಸ್ಟಿಗಳಿಗೆ ಗಟ್ಟಿ ನೆಲೆ ಕೊಟ್ಟಿತು. ನಾಲ್ಕು ವರ್ಷದ ನಂತರ, 1867ರಲ್ಲಿ, ಕೆನಡಾ ಒಂದು ದೇಶವಾಗಿ ಕೂಡಿಕೊಂಡಾಗ ಎರಡೂ ಕಡೆಯ ಅಲ್ಪಸಂಖ್ಯಾತರ ಶಾಲೆಗಳಿಗೆ ರಕ್ಷಣೆ ಕೊಡುವುದು ಆ ಕೂಡಿಕೆಯ ಷರತ್ತುಗಳಲ್ಲಿ ಒಂದಾಯಿತು. ಸಂವಿಧಾನದ 93ನೇ ವಿಧಿ ಅದೇ. ನಿನ್ನ ಮನೆಯಲ್ಲಿ ನನ್ನವರನ್ನು ನೀನು ನೋಡಿಕೋ, ನನ್ನ ಮನೆಯಲ್ಲಿ ನಿನ್ನವರನ್ನು ನಾನು ನೋಡಿಕೊಳ್ಳುತ್ತೇನೆ ಎಂಬ ಒಪ್ಪಂದ.

ಒಪ್ಪಂದದ ಒಂದು ಕಡೆಯವರು ಈಗ ಅದರಲ್ಲಿ ಇಲ್ಲ. ಕ್ವಿಬೆಕ್ 1997ರಲ್ಲಿ ಸಂವಿಧಾನ ತಿದ್ದುಪಡಿ ಮಾಡಿಸಿಕೊಂಡು ಧರ್ಮದ ಆಧಾರದ ಶಾಲಾ ಮಂಡಳಿಗಳನ್ನು ತೆಗೆದು ಭಾಷೆಯ ಆಧಾರದ ಮಂಡಳಿಗಳನ್ನು ಮಾಡಿಕೊಂಡಿತು. ಒಂಟಾರಿಯೊ ಮಾತ್ರ ಹಳೆಯದನ್ನು ಉಳಿಸಿಕೊಂಡಿದ್ದಷ್ಟೇ ಅಲ್ಲ, ಬೆಳೆಸಿತು ಕೂಡ. 1984ರಲ್ಲಿ ಪ್ರೀಮಿಯರ್ ಬಿಲ್ ಡೇವಿಸ್ (ಇಲ್ಲಿ ಪ್ರಾಂತ್ಯದ ಮುಖ್ಯಸ್ಥರನ್ನು ಪ್ರೀಮಿಯರ್ ಅನ್ನುತ್ತಾರೆ, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಪ್ರೌಢಶಾಲೆಯ ಕೊನೆಯ ತರಗತಿಗಳಿಗೂ ಪೂರ್ತಿ ಅನುದಾನ ಘೋಷಿಸಿದರು. ಅದು 1986ರಲ್ಲಿ ಕಾನೂನಾಯಿತು, 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

*

ಟ್ರಸ್ಟಿಯಾಗಲು ನಿಲ್ಲುವುದು ಸುಲಭ. ಹದಿನೆಂಟು ವರ್ಷ ಆಗಿರಬೇಕು, ಕೆನಡಾದ ಪೌರತ್ವ ಇರಬೇಕು, ಆ ಮಂಡಳಿಯ ವ್ಯಾಪ್ತಿಯಲ್ಲಿ ವಾಸವಿರಬೇಕು, ಕ್ಯಾಥೊಲಿಕ್ ಆಗಿರಬೇಕು, ಕ್ಯಾಥೊಲಿಕ್ ಶಾಲಾ ಮತದಾರರೆಂದು ಪಟ್ಟಿಯಲ್ಲಿರಬೇಕು. ನಗರಸಭೆಯ ಕ್ಲರ್ಕ್ ಕಚೇರಿಗೆ ಹೋಗಿ ನೂರು ಡಾಲರ್ ಕಟ್ಟಿ ನಾಮಪತ್ರ ಕೊಟ್ಟರೆ ಮುಗಿಯಿತು. ಚುನಾವಣೆಯ ನಂತರ ಖರ್ಚಿನ ಲೆಕ್ಕ ಸರಿಯಾಗಿ ಒಪ್ಪಿಸಿದರೆ ಆ ನೂರು ಡಾಲರೂ ವಾಪಸ್ಸು. ಖರ್ಚಿಗೆ ಮಿತಿ ಇದೆ: 5,000 ಡಾಲರ್, ಅದರ ಮೇಲೆ ಪ್ರತಿ ಮತದಾರನಿಗೆ 85 ಸೆಂಟ್. ಒಬ್ಬರು ಒಬ್ಬ ಅಭ್ಯರ್ಥಿಗೆ 1,200 ಡಾಲರಿಗಿಂತ ಹೆಚ್ಚು ಕೊಡುವಂತಿಲ್ಲ. ಕಂಪನಿಗಳು, ಕಾರ್ಮಿಕ ಸಂಘಗಳು ಏನೂ ಕೊಡುವಂತಿಲ್ಲ. ನನಗೆ ವಿಚಿತ್ರ ಅನಿಸಿದ್ದು ಒಂದು. ಒಂಟಾರಿಯೊದಲ್ಲಿ ವಾಸಿಸುವ ಯಾರು ಬೇಕಾದರೂ ದೇಣಿಗೆ ಕೊಡಬಹುದು, ಪೌರತ್ವ ಬೇಕಾಗಿಲ್ಲ. ಅಂದರೆ ಸ್ಟೂಡೆಂಟ್ ಪರ್ಮಿಟ್ ಮೇಲೆ ಬಂದ, ತುಳು ಮನೆಮಾತಿನ, ಹಿಂದೂ ಹುಡುಗಿಯಾದ ನಾನು ಕ್ಯಾಥೊಲಿಕ್ ಟ್ರಸ್ಟಿಗೆ ಮತ ಹಾಕುವಂತಿಲ್ಲ, ಹಣ ಕೊಡಬಹುದು, ಮನೆಮನೆ ಸುತ್ತಬಹುದು. ಇಪ್ಪತ್ತು ಡಾಲರ್ ಕೊಟ್ಟೆ. ಬಾಯಮ್ಮ ರಸೀದಿ ಬರೆದು ಕೊಟ್ಟರು. "ಲೆಕ್ಕ ಲೆಕ್ಕವೇ" ಎಂದರು.

ಕಷ್ಟ ಇದ್ದದ್ದು ಮತದಾರರ ವಿಷಯದಲ್ಲಿ. ಇಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ 'ಶಾಲಾ ಬೆಂಬಲ' ಎಂಬ ಒಂದು ಗುರುತಿದೆ. ನಿಮ್ಮ ಬೆಂಬಲ ಯಾವ ಶಾಲಾ ವ್ಯವಸ್ಥೆಗೆ ಎಂದು ಒಂದು ಅರ್ಜಿ ತುಂಬಿ ತಿಳಿಸಬೇಕು. ಮನೆ ಕೊಂಡವರೂ ತುಂಬಬಹುದು, ಬಾಡಿಗೆಯವರೂ ತುಂಬಬಹುದು. ತುಂಬದಿದ್ದರೆ ನೀವು ತಾನಾಗಿ ಇಂಗ್ಲಿಷ್ ಸಾರ್ವಜನಿಕ ಪಟ್ಟಿಗೆ ಸೇರುತ್ತೀರಿ. ಎಷ್ಟೋ ಕ್ಯಾಥೊಲಿಕ್ ಕುಟುಂಬಗಳ ಮಕ್ಕಳು ಕ್ಯಾಥೊಲಿಕ್ ಶಾಲೆಗೇ ಹೋಗುತ್ತಿದ್ದರೂ ತಂದೆ ತಾಯಿಯ ಹೆಸರು ಬೇರೆ ಪಟ್ಟಿಯಲ್ಲಿ ಇರುವುದುಂಟು. ಒಂದೇ ಮನೆಯಲ್ಲಿ ಗಂಡನಿಗೆ ಒಂದು ಬಗೆಯ ಮತಪತ್ರ, ಹೆಂಡತಿಗೆ ಇನ್ನೊಂದು ಬಗೆಯದು ಬರುವುದೂ ಉಂಟು.

ಹೀಗಾಗಿ ಬಾಯಮ್ಮನ ಪ್ರಚಾರದಲ್ಲಿ ಅರ್ಧ ಮತಯಾಚನೆ, ಅರ್ಧ ಅರ್ಜಿ ತುಂಬಿಸುವ ಕೆಲಸ. ಅಭ್ಯರ್ಥಿಗೆ ಕೊಡುವ ಪಟ್ಟಿಯಲ್ಲಿ ಆ ಹುದ್ದೆಗೆ ಮತ ಹಾಕುವವರ ಹೆಸರು ಮಾತ್ರ ಇರುತ್ತದೆ. ಒಂದು ಬೀದಿಯಲ್ಲಿ ಮೂವತ್ತು ಮನೆ ಇದ್ದರೆ ನಾವು ಬೆಲ್ ಒತ್ತಬೇಕಾದದ್ದು ಏಳೆಂಟು. ಪೋರ್ಚುಗೀಸ್ ಅಜ್ಜಿ, ಫಿಲಿಪಿನೋ ದಂಪತಿ, ಗೋವಾದವರು, ಕೇರಳದವರು, ಇಟಲಿಯಿಂದ ಐವತ್ತು ವರ್ಷದ ಹಿಂದೆ ಬಂದು ಹಿತ್ತಲಲ್ಲಿ ದ್ರಾಕ್ಷಿ ಚಪ್ಪರ ಹಾಕಿದ ಅಜ್ಜ. ಬಾಯಮ್ಮ ಎಲ್ಲರ ಹತ್ತಿರವೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಿಮ್ಮ ಈಗಿನ ಟ್ರಸ್ಟಿ ಯಾರು ಗೊತ್ತೆ?" ಮೂರು ತಿಂಗಳಲ್ಲಿ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವರನ್ನು ಎರಡು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು.

ಇಗರ್ಜಿಯಲ್ಲಿ ಪಾದ್ರಿಗಳು ಒಂದು ಮಾತು ಹೇಳಿದರೆ ಸಾಕಲ್ಲವೇ ಎಂದು ನಾನು ಕೇಳಿದ್ದೆ. ನಮ್ಮ ಊರಿನ ಲೆಕ್ಕ ನನ್ನದು. ಬಾಯಮ್ಮ ನಕ್ಕರು. ಇಲ್ಲಿ ಇಗರ್ಜಿಗಳು ನೋಂದಾಯಿತ ಧರ್ಮಾರ್ಥ ಸಂಸ್ಥೆಗಳು, ಅಂಥ ಸಂಸ್ಥೆ ಯಾವ ಅಭ್ಯರ್ಥಿಯ ಪರವೂ ನಿಲ್ಲುವಂತಿಲ್ಲ. ಪಾದ್ರಿಗಳು ಹೇಳಬಹುದಾದದ್ದು 'ಮತ ಹಾಕಿ' ಎಂದಷ್ಟೆ. ಯಾರಿಗೆ ಎಂದು ಹೇಳುವಂತಿಲ್ಲ. ಪೂಜೆ ಮುಗಿಸಿ ಹೊರಬರುವವರಿಗೆ ಕರಪತ್ರ ಕೊಡಲು ಬಾಯಮ್ಮ ಇಗರ್ಜಿಯ ಅಂಗಳ ಬಿಟ್ಟು ರಸ್ತೆ ಬದಿಯ ಕಾಲುದಾರಿಯಲ್ಲಿ ನಿಲ್ಲುತ್ತಿದ್ದರು.

ಅವರ ತಂದೆ ಊರಿನ ಇಗರ್ಜಿಯಲ್ಲಿ ತಮ್ಮ ವಾರ್ಡಿನ ಗುರ್ಕಾರರಾಗಿದ್ದವರು. "ಗುರ್ಕಾರನಿಗೆ ಅಧಿಕಾರ ಏನಿತ್ತು ಹೇಳು? ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ ಅಂತ ತಿಳಿದುಕೊಳ್ಳುವುದು, ಹಬ್ಬಕ್ಕೆ ಹಣ ಎತ್ತುವುದು. ಆದರೆ ರಾತ್ರಿ ಹನ್ನೊಂದಕ್ಕೂ ಬಾಗಿಲು ತಟ್ಟುವ ಜನ ಇದ್ದರು. ನಾನು ನಿಲ್ಲುತ್ತಿರುವುದು ಅಂಥ ಕೆಲಸಕ್ಕೆ ಅಂದುಕೊಂಡಿದ್ದೇನೆ" ಎಂದಿದ್ದರು.

ಮತದಾನದ ದಿನ 2022ರ ಅಕ್ಟೋಬರ್ 24. ಅಂದೇ ದೀಪಾವಳಿ. ಬೆಳಿಗ್ಗೆ ನಾನು ಬೇಸ್‌ಮೆಂಟಿನ ಕಿಟಕಿಯಲ್ಲಿ ಎರಡು ಹಣತೆ ಹಚ್ಚಿಟ್ಟು ಮತಗಟ್ಟೆಗೆ ಹಿರಿಯರನ್ನು ಕರೆದೊಯ್ಯುವ ಕಾರಿನಲ್ಲಿ ಕೂತೆ. ಆ ಸಲ ಪ್ರಾಂತ್ಯದ ಎಷ್ಟೋ ಕಡೆ ಮತದಾನ ಕಡಿಮೆ, ಟೊರಾಂಟೊ ನಗರದಲ್ಲೇ ಶೇಕಡ 30 ಮುಟ್ಟಲಿಲ್ಲ. ಬಾಯಮ್ಮ ಇನ್ನೂರಕ್ಕೂ ಕಡಿಮೆ ಮತಗಳ ಅಂತರದಿಂದ ಗೆದ್ದರು. ಪ್ರಚಾರದಲ್ಲಿ ಪಟ್ಟಿ ಬದಲಾಯಿಸಿಕೊಂಡವರ ಸಂಖ್ಯೆ ಆ ಅಂತರಕ್ಕಿಂತ ಜಾಸ್ತಿ ಇತ್ತು ಎಂಬುದು ನನ್ನ ಅಂದಾಜು.

*

ಗೆದ್ದ ಮೇಲೆ ಬಾಯಮ್ಮನಿಗೆ ಮೊದಲು ಸಿಕ್ಕಿದ್ದು ಒಂದು ತರಬೇತಿ, ಅದರಲ್ಲಿ ಮೊದಲು ಕಲಿಸಿದ್ದು ಟ್ರಸ್ಟಿಗೆ ಏನೇನು ಅಧಿಕಾರ ಇಲ್ಲ ಎಂಬುದನ್ನು. ಒಬ್ಬ ಟ್ರಸ್ಟಿ ಒಂಟಿಯಾಗಿ ಏನನ್ನೂ ಆದೇಶಿಸುವಂತಿಲ್ಲ. ಶಾಲೆಗೆ ಹೋಗಿ ಹೆಡ್‌ಮಾಸ್ಟರಿಗೆ ಹೀಗೆ ಮಾಡಿ ಎನ್ನುವಂತಿಲ್ಲ. ಅಧಿಕಾರ ಇರುವುದು ಸಭೆಯಲ್ಲಿ ಕೂತ ಮಂಡಳಿಗೆ. ದಿನದ ಆಡಳಿತ ಮಂಡಳಿ ನೇಮಿಸಿದ ನಿರ್ದೇಶಕರದು. ಸತತ ಮೂರು ಸಾಮಾನ್ಯ ಸಭೆಗಳಿಗೆ ಅನುಮತಿ ಇಲ್ಲದೆ ತಪ್ಪಿಸಿದರೆ ಸ್ಥಾನ ಹೋಗುತ್ತದೆ.

ಹಣದ ವಿಷಯದಲ್ಲಿ ಕೈ ಇನ್ನೂ ಕಟ್ಟಿದೆ. 1997ರವರೆಗೆ ಇಲ್ಲಿನ ಶಾಲಾ ಮಂಡಳಿಗಳು ತಾವೇ ತೆರಿಗೆಯ ದರ ನಿಗದಿ ಮಾಡುತ್ತಿದ್ದವು. ಆ ವರ್ಷ ಮೈಕ್ ಹ್ಯಾರಿಸ್ ಸರ್ಕಾರ ಮಂಡಳಿಗಳ ಸಂಖ್ಯೆಯನ್ನು 129ರಿಂದ 72ಕ್ಕೆ ಇಳಿಸಿತು, ತೆರಿಗೆಯ ಅಧಿಕಾರವನ್ನು ಪ್ರಾಂತ್ಯಕ್ಕೆ ತೆಗೆದುಕೊಂಡಿತು, ಟ್ರಸ್ಟಿಗಳ ಗೌರವಧನಕ್ಕೆ ವರ್ಷಕ್ಕೆ 5,000 ಡಾಲರಿನ ಮಿತಿ ಹಾಕಿತು. ಗೌರವಧನ ಆಮೇಲೆ ಸ್ವಲ್ಪ ಏರಿತು, ತೆರಿಗೆಯ ಅಧಿಕಾರ ಮರಳಿ ಬರಲಿಲ್ಲ. ಈಗ ಪ್ರಾಂತ್ಯ ಕೊಟ್ಟಷ್ಟು ಹಣ, ಅದರೊಳಗೆ ಆಯವ್ಯಯ ಸರಿದೂಗಿಸಬೇಕು. ನಮ್ಮ ಗ್ರಾಮ ಪಂಚಾಯಿತಿ ಸದಸ್ಯರ ಪಾಡು ನೋಡಿದವರಿಗೆ ಇದು ಹೊಸದಾಗಿ ಕಾಣಲಿಕ್ಕಿಲ್ಲ.

ಸಭೆ ಶುರುವಾಗುವುದು ಪ್ರಾರ್ಥನೆಯಿಂದ, ಈ ನೆಲದ ಮೂಲನಿವಾಸಿಗಳ ಸ್ಮರಣೆಯಿಂದ. ಆಮೇಲೆ ನೂರಾರು ಪುಟದ ವರದಿಗಳು. ರಾತ್ರಿ ಪಾಳಿ ಮುಗಿಸಿ ಬಂದು ಬಾಯಮ್ಮ ಅಡುಗೆಮನೆಯ ಮೇಜಿನ ಮೇಲೆ ಅವನ್ನು ಹರಡಿ ಕೂರುತ್ತಿದ್ದರು. ಬಸ್ಸಿನ ಮಾರ್ಗ, ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಎಂಬ ಗಡಿ, ಸೋರುವ ಚಾವಣಿ, ವಿಶೇಷ ಅಗತ್ಯದ ಮಕ್ಕಳಿಗೆ ಸಹಾಯಕರು. ಅರ್ಥವಾಗದ ಕೋಷ್ಟಕ ಬಂದಾಗ, "ಬಾ ಮಾರಾಯ್ತಿ, ನಿನ್ನ ಪಿಎಚ್‌ಡಿ ಇಲ್ಲಿ ಸ್ವಲ್ಪ ತೋರಿಸು" ಎಂದು ಕರೆಯುತ್ತಿದ್ದರು.

ಆ ಸಹಾಯಕರ ವಿಷಯವೇ ಎರಡನೇ ವರ್ಷದ ಬಜೆಟ್ಟಿನಲ್ಲಿ ಬಂತು. ಖರ್ಚು ತಗ್ಗಿಸಲು ಕೆಲವು ಸಹಾಯಕ ಹುದ್ದೆಗಳನ್ನು ತುಂಬದೆ ಬಿಡುವ ಪ್ರಸ್ತಾಪ. ಬಾಯಮ್ಮ ವಿರೋಧಿಸಿ ಮಾತಾಡಿದರು, ವಿರುದ್ಧ ಮತ ಹಾಕಿದರು. ಎರಡು ಮತಗಳಿಂದ ಪ್ರಸ್ತಾಪ ಗೆದ್ದಿತು. ಇಲ್ಲಿಯ ಶಿಕ್ಷಣ ಕಾಯಿದೆಯಲ್ಲಿ ಟ್ರಸ್ಟಿಯ ಕರ್ತವ್ಯಗಳ ಪಟ್ಟಿ ಇದೆ. ಮಂಡಳಿ ಒಂದು ನಿರ್ಣಯ ಮಾಡಿದ ಮೇಲೆ ಅದರ ಜಾರಿಯನ್ನು ಪ್ರತಿಯೊಬ್ಬ ಸದಸ್ಯನೂ ಎತ್ತಿಹಿಡಿಯಬೇಕು ಎಂಬುದು ಅದರಲ್ಲೊಂದು. ವಿರುದ್ಧ ಮತ ಹಾಕಿದವರೂ ಸೇರಿ.

ಮರುದಿನ ಫೋನ್ ಬಂತು. ಅವರದೇ ಇಗರ್ಜಿಯ ತಾಯಿ, ಆಟಿಸಂ ಇರುವ ಎಂಟು ವರ್ಷದ ಹುಡುಗನ ಅಮ್ಮ. ಬಾಯಮ್ಮ ಮುಕ್ಕಾಲು ಗಂಟೆ ಮಾತಾಡಿದರು. ನಾನು ಪಾತ್ರೆ ಒರೆಸುತ್ತ ಕೇಳುತ್ತಿದ್ದೆ. "ನಾನು ಬೇಡ ಅಂತ ಮತ ಹಾಕಿದೆ. ಸೋತೆ. ಈಗ ಅದು ನನ್ನ ಮಂಡಳಿಯ ತೀರ್ಮಾನ, ಅದರ ಬಗ್ಗೆ ನಿಮಗೆ ಉತ್ತರ ಹೇಳಬೇಕಾದವಳು ನಾನೇ" ಎಂದರು. ಬೇರೆಯವರ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಅವಕಾಶ ಇತ್ತು, ತೊಳೆದುಕೊಳ್ಳಲಿಲ್ಲ. ಪ್ರತಿ ಮಂಡಳಿಯಲ್ಲೂ ವಿಶೇಷ ಶಿಕ್ಷಣದ ಸಲಹಾ ಸಮಿತಿ ಇರಲೇಬೇಕೆಂದು ಕಾನೂನಿದೆ, ಅದರ ಸಭೆ ಸಾರ್ವಜನಿಕರಿಗೆ ತೆರೆದದ್ದು. ಸೆಪ್ಟೆಂಬರಿನಲ್ಲಿ ಆ ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋದರು. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಗಂಟೆಯ ಸಹಾಯ ಸಿಗುತ್ತಿದೆ ಎಂಬ ವರದಿ ಕೇಳಿದರು. ಕ್ರಿಸ್ಮಸ್ ಹೊತ್ತಿಗೆ ಹುಡುಗನಿಗೆ ಅರ್ಧ ದಿನದ ಸಹಾಯಕಿ ಸಿಕ್ಕಿದಳು. ಪೂರ್ತಿ ದಿನದ್ದು ಸಿಗಲಿಲ್ಲ.

*

ಆ ಫೋನ್ ಮಾತು ಕೇಳುತ್ತಿದ್ದಾಗ ನನಗೆ ನನ್ನ ಅಪ್ಪ ನೆನಪಾದರು. ನಾನು ಓದಿದ್ದು ದಕ್ಷಿಣ ಕನ್ನಡದ ಒಂದು ಸಣ್ಣ ಊರಿನ ಕ್ರೈಸ್ತ ಸಂಸ್ಥೆಯ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ನಮ್ಮ ಜಿಲ್ಲೆಯಲ್ಲಿ ಮೂರು ತಲೆಮಾರು ಅಕ್ಷರ ಕಲಿತದ್ದು ಇಂಥ ಶಾಲೆಗಳಲ್ಲಿ. ಮಂಗಳೂರಿನಲ್ಲಿ ಜೆಸುಯಿಟರು 1880ರಲ್ಲೇ ಕಾಲೇಜು ತೆರೆದವರು. ಆ ಋಣ ದೊಡ್ಡದು. ನನ್ನ ತಮ್ಮ ಎಂಟನೇ ತರಗತಿಗೆ ಬರುವ ವರ್ಷ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದರು. ಮುಂದಿನ ವರ್ಷದಿಂದ ಕನ್ನಡ ಮಾಧ್ಯಮ ಇರುವುದಿಲ್ಲ. ಮಕ್ಕಳ ಸಂಖ್ಯೆ ಕಡಿಮೆಯಾಗಿತ್ತು, ಕಾರಣ ಇತ್ತು. ಆದರೆ ಅಪ್ಪ ಹೆಡ್‌ಮಿಸ್ಟ್ರೆಸ್ ಸಿಸ್ಟರ ಬಳಿ ಹೋದರೆ ಅವರು ಸಂಚಾಲಕರನ್ನು ಕೇಳಿ ಎಂದರು, ಸಂಚಾಲಕರು ಆಡಳಿತ ಮಂಡಳಿಯ ತೀರ್ಮಾನ ಎಂದರು. ಆಡಳಿತ ಮಂಡಳಿ ಎಲ್ಲಿ ಕೂರುತ್ತದೆ, ಅದರಲ್ಲಿ ಯಾರಿದ್ದಾರೆ ಎಂದು ಹೇಳುವವರಿರಲಿಲ್ಲ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು, ಕುರ್ಚಿ ಕೊಟ್ಟರು. ಅಪ್ಪ ತಮ್ಮನ ಟಿ.ಸಿ. ತೆಗೆದುಕೊಂಡು ಬಂದರು. ಅಪ್ಪ ಮಾತ್ರವಲ್ಲ, ಅದೇ ಬೋರ್ಡಿನ ಮುಂದೆ ನಿಂತಿದ್ದ ಕ್ರೈಸ್ತ ತಂದೆ ತಾಯಿಯರ ಗತಿಯೂ ಅದೇ ಆಗಿತ್ತು.

ನಮ್ಮ ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸುವ, ನಡೆಸುವ ಹಕ್ಕು ಕೊಡುತ್ತದೆ. 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕೂತು ಇದರ ಎಲ್ಲೆಗಳನ್ನು ಚರ್ಚಿಸಿತು. ಕಾಗದದ ಮೇಲೆ ಹಕ್ಕು ಸಮುದಾಯದ್ದು. ಬಳಕೆಯಲ್ಲಿ ಅದನ್ನು ಚಲಾಯಿಸುವವರು ಧರ್ಮಪ್ರಾಂತ್ಯ, ಕನ್ಯಾಸ್ತ್ರೀಯರ ಸಂಸ್ಥೆ, ಟ್ರಸ್ಟು. ಸರ್ಕಾರ ಕೈಹಾಕದಂತೆ ತಡೆಯಲು ಆ ಏರ್ಪಾಟು ಬೇಕು, ಇವತ್ತಿನ ದಿನಗಳಲ್ಲಂತೂ ಬೇಕೇ ಬೇಕು. ಆದರೆ ಸಮುದಾಯದ ಒಳಗಿನ ಒಬ್ಬ ತಾಯಿಗೆ ಆ ಹಕ್ಕಿನಲ್ಲಿ ಎಷ್ಟು ಪಾಲು ಎಂಬ ಪ್ರಶ್ನೆಯನ್ನು ನಾವು ಕೇಳಿದ್ದು ಕಡಿಮೆ. ನಮ್ಮ ಸರ್ಕಾರಿ ಶಾಲೆಗಳಿಗೆ 2001ರಿಂದ ಎಸ್‌ಡಿಎಂಸಿಗಳಿವೆ, ಪೋಷಕರೇ ಅದರಲ್ಲಿ ಅಧ್ಯಕ್ಷರಾಗುತ್ತಾರೆ. ಊರ ರಾಜಕೀಯ ಅದರಲ್ಲಿ ಎಷ್ಟೇ ಹೊಕ್ಕರೂ ಕೇಳಲಿಕ್ಕೆ ಒಬ್ಬರ ಹೆಸರು ಇರುತ್ತದೆ.

ಒಂಟಾರಿಯೊದಲ್ಲಿ ಧರ್ಮದ ಹೆಸರಿನ ಹಕ್ಕು ಮತದಾರರ ಕೈಯಲ್ಲಿದೆ. ಬಿಷಪ್ಪರಿಗೆ ಧರ್ಮಬೋಧೆಯ ವಿಷಯದಲ್ಲಿ ಮಾತು ಇದೆ, ಗೌರವ ಇದೆ, ಮಂಡಳಿಯಲ್ಲಿ ಮತ ಇಲ್ಲ. ಇದರ ಪರಿಣಾಮ ಏನು ಎಂಬುದಕ್ಕೆ ಒಂದು ಉದಾಹರಣೆ. ಜೂನ್ ತಿಂಗಳಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಬಾವುಟ ಹಾರಿಸಬೇಕೆ ಎಂಬ ಪ್ರಶ್ನೆ ಬಂದಾಗ ಟೊರಾಂಟೊ ಕ್ಯಾಥೊಲಿಕ್ ಮಂಡಳಿ 2021ರಲ್ಲಿ ಹಾರಿಸಲು ತೀರ್ಮಾನಿಸಿತು. ಪಕ್ಕದ ಯಾರ್ಕ್ ಪ್ರದೇಶದ ಕ್ಯಾಥೊಲಿಕ್ ಮಂಡಳಿ 2023ರಲ್ಲಿ ಬೇಡವೆಂದಿತು. ಒಂದೇ ಧರ್ಮ, ಒಂದೇ ಕಾನೂನು, ಒಂದು ಗಂಟೆಯ ದಾರಿ. ವ್ಯತ್ಯಾಸ ಮಾಡಿದ್ದು ಆ ಮೇಜಿನ ಸುತ್ತ ಯಾರು ಕೂತಿದ್ದರು ಎಂಬುದು. ಬಾಯಮ್ಮನ ನಿಲುವು ಏನೆಂದು ಕೇಳಿದಾಗ, "ಬಾವುಟದ ಬಗ್ಗೆ ನನಗೆ ಗೊಂದಲ ಇದೆ. ಆದರೆ ಯಾವ ಮಗುವೂ ನಮ್ಮ ಶಾಲೆಯಲ್ಲಿ ಹೆದರಿಕೊಂಡು ಬಾತ್ರೂಮಿನಲ್ಲಿ ಊಟ ಮಾಡಬಾರದು, ಅದರಲ್ಲಿ ಗೊಂದಲ ಇಲ್ಲ" ಎಂದರು. ನಾನು ಒಪ್ಪಲಿಲ್ಲ, ಬಾವುಟವೂ ಬೇಕು ಎಂದು ವಾದಿಸಿದೆ. ಮುಂದಿನ ಎರಡು ದಿನ ನಮ್ಮ ನಡುವೆ ಮಾತು ಕಡಿಮೆ ಇತ್ತು.

ನಮ್ಮ ಇನ್ನೊಂದು ವಾದ ಇನ್ನೂ ಮುಗಿದಿಲ್ಲ. ಒಂದೇ ಧರ್ಮದ ಶಾಲೆಗಳಿಗೆ ಪೂರ್ತಿ ಸರ್ಕಾರಿ ಹಣ, ಯಹೂದಿ, ಮುಸ್ಲಿಂ, ಹಿಂದೂ, ಸಿಖ್ ಶಾಲೆಗಳಿಗೆ ಇಲ್ಲ. ಇದು ತಾರತಮ್ಯ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1999ರಲ್ಲೇ ಹೇಳಿದೆ. ಉಳಿದ ಧರ್ಮದವರ ಶಾಲೆಗೂ ಹಣ ಕೊಡುತ್ತೇವೆ ಎಂದ ಜಾನ್ ಟೋರಿಯವರ ಪಕ್ಷ 2007ರ ಚುನಾವಣೆಯಲ್ಲಿ ಸೋತಿತು. ಒಂದು ಕಾಲದಲ್ಲಿ ಬಡ ಐರಿಷ್ ವಲಸಿಗರ ರಕ್ಷಣೆಗೆ ಬಂದದ್ದು ಈಗ ದೊಡ್ಡ ಸಮುದಾಯವೊಂದರ ವಿಶೇಷ ಸವಲತ್ತಾಗಿದೆ ಎಂಬುದು ನನ್ನ ವಾದ. "ಸರಿಯಲ್ಲ ಅಂತ ನನಗೂ ಗೊತ್ತು" ಎನ್ನುತ್ತಾರೆ ಬಾಯಮ್ಮ. "ಆದರೆ ನಮ್ಮದನ್ನು ಕಿತ್ತು ಎಲ್ಲರನ್ನೂ ಸಮ ಮಾಡುವುದೋ, ಎಲ್ಲರಿಗೂ ಕೊಟ್ಟು ಸಮ ಮಾಡುವುದೋ?" ನನ್ನ ಪ್ರಬಂಧದಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ. ಇನ್ನೂ ಬರೆದು ಮುಗಿದಿಲ್ಲ.

*

2025 ಟ್ರಸ್ಟಿಗಳಿಗೆ ಒಳ್ಳೆಯ ವರ್ಷವಾಗಿರಲಿಲ್ಲ. ಹಿಂದಿನ ವರ್ಷದ ಬೇಸಿಗೆಯಲ್ಲಿ ಬ್ರಾಂಟ್ ಹಾಲ್ಡಿಮಂಡ್ ನಾರ್ಫೋಕ್ ಕ್ಯಾಥೊಲಿಕ್ ಮಂಡಳಿಯ ನಾಲ್ವರು ಟ್ರಸ್ಟಿಗಳು ಶಾಲೆಗಳಿಗೆ ಧಾರ್ಮಿಕ ಕಲಾಕೃತಿ ಕೊಳ್ಳಲು ಇಟಲಿಗೆ ಹೋಗಿದ್ದರು. ಪ್ರಯಾಣಕ್ಕೆ ಸುಮಾರು 45,000 ಡಾಲರ್, ಕಲಾಕೃತಿಗಳಿಗೆ ಸುಮಾರು ಒಂದು ಲಕ್ಷ ಡಾಲರ್. ಸುದ್ದಿ ಹೊರಬಂದ ಮೇಲೆ ಟ್ರಸ್ಟಿ ಎಂಬ ಪದವೇ ಬೈಗುಳದಂತಾಯಿತು. 2025ರ ಜೂನ್‌ನಲ್ಲಿ ಶಿಕ್ಷಣ ಸಚಿವ ಪಾಲ್ ಕಲಾಂಡ್ರ ಒಂದೇ ಸಲಕ್ಕೆ ನಾಲ್ಕು ಮಂಡಳಿಗಳನ್ನು ಮೇಲ್ವಿಚಾರಕರ ಕೈಗೆ ಕೊಟ್ಟರು. ಟೊರಾಂಟೊ ಕ್ಯಾಥೊಲಿಕ್ ಮತ್ತು ಡಫರಿನ್-ಪೀಲ್ ಕ್ಯಾಥೊಲಿಕ್ ಮಂಡಳಿಗಳು ಅವುಗಳಲ್ಲಿದ್ದವು. ಹಣಕಾಸು ಹದಗೆಟ್ಟಿದೆ ಎಂಬುದು ಕಾರಣ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚುನಾಯಿತ ಮಂಡಳಿಯನ್ನು ಬದಿಗಿಟ್ಟು ಆಡಳಿತಾಧಿಕಾರಿಯನ್ನು ಕೂರಿಸಿದ್ದು. ಟ್ರಸ್ಟಿ ಹುದ್ದೆಯೇ ಬೇಕೆ ಎಂಬ ಮಾತು ಸಚಿವರಿಂದಲೇ ಬಂತು. ಸರ್ಕಾರಕ್ಕೆ ಇನ್ನಷ್ಟು ಹಿಡಿತ ಕೊಡುವ ಮಸೂದೆಯೂ ನವೆಂಬರಿನಲ್ಲಿ ಅಂಗೀಕಾರವಾಯಿತು.

ಇದರಲ್ಲಿ ಒಂದು ವಿಚಿತ್ರ ತಿರುವು ಇದೆ. ಇಂಗ್ಲಿಷ್ ಸಾರ್ವಜನಿಕ ಮಂಡಳಿಗಳ ಟ್ರಸ್ಟಿಗಳನ್ನು ಸರ್ಕಾರ ಒಂದು ಸಾಮಾನ್ಯ ಕಾನೂನಿನಿಂದ ತೆಗೆಯಬಹುದು. ಕ್ಯಾಥೊಲಿಕ್ ಟ್ರಸ್ಟಿಗಳನ್ನು ತೆಗೆಯಲು ಹೊರಟರೆ 93ನೇ ವಿಧಿ ಅಡ್ಡ ಬರುತ್ತದೆ ಎಂಬ ವಾದ ಬಲವಾಗಿದೆ. ಆದರೆ ಸುಪ್ರೀಂ ಕೋರ್ಟು 2001ರಲ್ಲೇ ಆ ವಿಧಿ ಕಾಯುವುದು ಶಾಲೆಯ ಧಾರ್ಮಿಕ ಸ್ವರೂಪಕ್ಕೆ ಸಂಬಂಧಿಸಿದ್ದನ್ನು, ತೆರಿಗೆ ಹಾಕುವ ಅಧಿಕಾರವನ್ನಲ್ಲ ಎಂದಿದೆ. ಹಾಗಾಗಿ ಕುರ್ಚಿ ಉಳಿದು, ಅದರ ಮುಂದಿನ ಮೇಜಿನಿಂದ ಒಂದೊಂದೇ ಕಾಗದ ಬೇರೆ ಕಡೆಗೆ ಹೋಗುತ್ತಿರುವ ಸ್ಥಿತಿ. ಬೆಂಗಳೂರಿನ ಪಾಲಿಕೆಯಲ್ಲಿ 2020ರ ಸೆಪ್ಟೆಂಬರಿಗೆ ಚುನಾಯಿತರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ನಗರ ನಡೆಸಿದ್ದನ್ನು ನೋಡಿದ ನಮಗೆ ಗೊತ್ತು. ಚುನಾಯಿತರು ಇಲ್ಲದಿದ್ದರೂ ಕಸ ಎತ್ತುತ್ತಾರೆ, ರಸ್ತೆಗೆ ಡಾಂಬರು ಬೀಳುತ್ತದೆ ಅಥವಾ ಬೀಳುವುದಿಲ್ಲ. ಬೀಳದಿದ್ದಾಗ ಯಾರ ಮನೆಯ ಬಾಗಿಲು ತಟ್ಟಬೇಕೆಂಬುದು ಮಾತ್ರ ತಿಳಿಯುವುದಿಲ್ಲ.

ಮುಂದಿನ ಚುನಾವಣೆ 2026ರ ಅಕ್ಟೋಬರ್ 26ಕ್ಕೆ ನಿಗದಿಯಾಗಿದೆ. ಬಾಯಮ್ಮನ ಮಂಡಳಿಗೆ ಇನ್ನೂ ಮೇಲ್ವಿಚಾರಕರು ಬಂದಿಲ್ಲ. ಮತ್ತೆ ನಿಲ್ಲುತ್ತೀರಾ ಎಂದು ಕಳೆದ ವಾರ ಕೇಳಿದೆ. ಗೊತ್ತಿಲ್ಲ ಎಂದರು. ಮೊಣಕಾಲು ನೋವು, ರಾತ್ರಿ ಪಾಳಿ, ಮಗಳ ಬಾಣಂತನ ಎಂದು ಕಾರಣಗಳನ್ನು ಎಣಿಸಿದರು. ಆಮೇಲೆ ಫ್ರಿಜ್ಜಿನ ಮೇಲೆ ಆಯಸ್ಕಾಂತದಿಂದ ಅಂಟಿಸಿದ್ದ ಕಾಗದದ ಕಟ್ಟು ತೋರಿಸಿದರು. ಶಾಲಾ ಬೆಂಬಲದ ಖಾಲಿ ಅರ್ಜಿಗಳು. ಹಿಂದಿನ ಭಾನುವಾರ ಪೂಜೆ ಮುಗಿದ ಮೇಲೆ ಹೊಸದಾಗಿ ಬಂದ ಎರಡು ಮಂಗಳೂರು ಕುಟುಂಬಗಳಿಗೆ ಕೊಟ್ಟು ಬಂದಿದ್ದರಂತೆ.

"ನಾನು ನಿಂತರೂ, ಬೇರೆ ಯಾರು ನಿಂತರೂ ಈ ಅರ್ಜಿ ಬೇಕಲ್ಲ" ಎಂದರು.